ಮೂರು ಜನ್ಮ ಕಂಡ ಹಕ್ಕಿ

ಮನೆಯೆಂದ ಮೇಲೆ ಅದಕ್ಕೊಂದು ಅಟ್ಟ ಇದ್ದೇ ಇರುತ್ತದೆ. ಅಟ್ಟವಿಲ್ಲದ ಮನೆಗಳಲ್ಲಿ ಮಂಚದ ಅಡಿಯೋ ಸ್ನಾನದ ಮನೆಯ ಮೇಲಿನ ಗೂಡೋ ಆ ಕೆಲಸಕ್ಕೆ ಒದಗುತ್ತದೆ. ಮುಳ್ಳು ಕಳೆದುಕೊಂಡ ಗೋಡೆಗಡಿಯಾರ, ಸರಪಳಿಗೆ ತುಕ್ಕು ಹಿಡಿದ ಸೈಕಲ್ಲು, ಹಾಡುವುದನ್ನು ಮರೆತ ರೇಡಿಯೋ, ಒಂದು ಕಾಲದಲ್ಲಿ ಮನೆಮಂದಿಯ ಬಟ್ಟೆಗಳನ್ನೆಲ್ಲ ಹೊಲಿದುಕೊಟ್ಟ ಹೊಲಿಗೆಯ ಯಂತ್ರ, ಇವೆಲ್ಲ ಅಲ್ಲಿ ಧೂಳಿನ ಹೊದಿಕೆ ಹೊದ್ದು ಮಲಗಿರುತ್ತವೆ. ವರ್ಷಕ್ಕೊಮ್ಮೆ, ಹಬ್ಬಕ್ಕೆ ಮುಂಚೆ ಮನೆಯ ಧೂಳು ಹೊಡೆಯುವ ದಿನ, ಗೃಹಿಣಿ ಸೆರಗು ಬಿಗಿದು ನಿಂತು, “ಇವನ್ನೆಲ್ಲ ಗುಜರಿಯವನಿಗೆ ಹಾಕಬಾರದೇನು?” ಎಂದು ಕೇಳುತ್ತಾಳೆ. ಯಜಮಾನ ಪತ್ರಿಕೆಯಿಂದ ತಲೆಯೆತ್ತದೆಯೇ, “ಇರಲಿ ಬಿಡು, ಒಂದು ದಿನ ರಿಪೇರಿ ಮಾಡಿಸೋಣ” ಎನ್ನುತ್ತಾನೆ. ಆ ‘ಒಂದು ದಿನ’ ಯಾವ ಪಂಚಾಂಗದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಗಡಿಯಾರ ಅಟ್ಟದಿಂದ ಇಳಿಯುವುದೂ ಇಲ್ಲ, ಗುಜರಿಗೆ ಹೋಗುವುದೂ ಇಲ್ಲ.

ಗುಜರಿ ಎಂಬುದು ವಸ್ತುವಿನ ಗುಣವೋ, ಅದನ್ನು ನೋಡುವವನು ಕೊಟ್ಟ ತೀರ್ಪೋ? ಒಬ್ಬನ ಕಣ್ಣಿಗೆ ಸೇರಿನ ಲೆಕ್ಕದಲ್ಲಿ ತೂಗಿ ಮಾರಬೇಕಾದ ಕಬ್ಬಿಣವಾಗಿ ಕಾಣುವುದು ಮತ್ತೊಬ್ಬನ ಕಣ್ಣಿಗೆ ಎರಡು ತೊಟ್ಟು ಎಣ್ಣೆಗಾಗಿ, ಒಂದು ಹಲ್ಲಿನ ಚಕ್ರಕ್ಕಾಗಿ ಕಾದು ಕುಳಿತ ಯಂತ್ರವಾಗಿ ಕಾಣುತ್ತದೆ. ಗಡಿಯಾರ, ಸೈಕಲ್ಲುಗಳ ಮಟ್ಟಿಗೆ ಇದು ಮನೆಯೊಳಗಿನ ಚರ್ಚೆ. ಆದರೆ ಒಮ್ಮೆ ಒಂದು ವಿಮಾನದ ವಿಷಯದಲ್ಲಿ, ಒಂದಲ್ಲ, ಒಂದು ಬಯಲು ತುಂಬ ಬಿದ್ದಿದ್ದ ವಿಮಾನಗಳ ವಿಷಯದಲ್ಲಿ, ಇದೇ ಪ್ರಶ್ನೆ ಎದ್ದಿತು. ಆಗ ಅದಕ್ಕೆ ಉತ್ತರ ಹೇಳಿದ್ದು ಬೆಂಗಳೂರು.

ಆ ವಿಮಾನಗಳ ಹೆಸರು ಬಿ-24 ಲಿಬರೇಟರ್, ಎಂದರೆ ವಿಮೋಚಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಕಟ್ಟಿದ ಭಾರೀ ಬಾಂಬರುಗಳಲ್ಲಿ ಇದರಷ್ಟು ಸಂಖ್ಯೆಯಲ್ಲಿ ಹೊರಬಂದದ್ದು ಮತ್ತೊಂದಿಲ್ಲ. 18,000ಕ್ಕೂ ಮಿಕ್ಕಿ ಲಿಬರೇಟರುಗಳು ಆ ಕೆಲವೇ ವರ್ಷಗಳಲ್ಲಿ ತಯಾರಾದವು. 1944ರ ಹೊತ್ತಿಗೆ ಫೋರ್ಡ್ ಕಂಪನಿಯ ವಿಲೋ ರನ್ ಕಾರ್ಖಾನೆಯೊಂದರಲ್ಲಿಯೇ ಗಂಟೆಗೊಂದರಂತೆ ವಿಮಾನ ಸಿದ್ಧವಾಗುತ್ತಿತ್ತೆಂದರೆ ಆ ವೇಗವನ್ನು ಊಹಿಸಬಹುದು. ಹೋಟೆಲಿನ ಬಾಣಲೆಯಿಂದ ವಡೆ ತೆಗೆದಂತೆ ಎನ್ನಬೇಕು! ಆದರೆ ವಡೆಯಂಥ ಸಣ್ಣ ವಸ್ತುವಲ್ಲ ಅದು. ರೆಕ್ಕೆಯ ಒಂದು ತುದಿಯಿಂದ ಮತ್ತೊಂದು ತುದಿಗೆ 110 ಅಡಿ. ಮೂತಿಯಿಂದ ಬಾಲಕ್ಕೆ 67 ಅಡಿ. ನಾಲ್ಕು ಎಂಜಿನ್ನುಗಳು. ಒಂದೊಂದರಲ್ಲಿ ಸೂರ್ಯನ ಕಿರಣಗಳಂತೆ ಸುತ್ತಲೂ ಜೋಡಿಸಿದ 14 ಸಿಲಿಂಡರುಗಳು, ಒಂದೊಂದಕ್ಕೆ 1,200 ಕುದುರೆಗಳ ಬಲ.

ಈ ಸಹಸ್ರಾರು ಸೋದರರ ನಡುವೆ 44-44052 ಎಂಬ ಸಂಖ್ಯೆಯ ಲಿಬರೇಟರ್ ಒಂದು 1944ರ ಆಗಸ್ಟಿನಲ್ಲಿ ಟೆಕ್ಸಾಸಿನ ಫೋರ್ಟ್ ವರ್ತ್ ನಗರದ ಕಾರ್ಖಾನೆಯಿಂದ ಹೊರಬಂದಿತು. ಇದು ಅದರ ಮೊದಲನೆಯ ಜನ್ಮ. ಎರಡು ತಿಂಗಳು ಕಳೆಯುವುದರೊಳಗೆ ಅದು ಬ್ರಿಟಿಷ್ ವಾಯುಪಡೆಯ ಪಾಲಾಯಿತು; ಸಾಗರ ದಾಟಿ ಏಷ್ಯದ ರಣರಂಗಕ್ಕೆ ಬಂದು ಜಪಾನಿನ ವಿರುದ್ಧ ಹಾರಾಡಿತು. ಮರುವರ್ಷ ಆಗಸ್ಟಿನಲ್ಲಿ ಯುದ್ಧವೇ ಮುಗಿದುಹೋಯಿತು. ಕಟ್ಟಿದವರಿಗೂ ಹಾರಿಸಿದವರಿಗೂ ಒಮ್ಮೆಗೇ ಅದು ಬೇಡವಾಯಿತು. ಹುಟ್ಟಿ ಒಂದು ವರ್ಷ ತುಂಬುವ ವೇಳೆಗೆ ಮುದಿತನ ಬಂದಂತಾಯಿತು.

ಬೇಡವಾದ ಮೇಲೆ ಅದನ್ನು ಸುಮ್ಮನೆ ನಿಲ್ಲಿಸಿ ಹೋಗಬಹುದಾಗಿತ್ತಲ್ಲ? ಹಾಗಾಗಲಿಲ್ಲ. ಅದಕ್ಕೆ ಕಾರಣ ಒಂದು ಕರಾರು. 1941ರ ಮಾರ್ಚಿನಲ್ಲಿ ಅಮೆರಿಕ ಮಾಡಿದ ‘ಲೆಂಡ್-ಲೀಸ್’ ಕಾಯಿದೆಯ ಪ್ರಕಾರ ಮಿತ್ರರಾಷ್ಟ್ರಗಳಿಗೆ ಹಣದ ಮಾತಿಲ್ಲದೆ ಯುದ್ಧ ಸಾಮಗ್ರಿ ಸಿಕ್ಕುತ್ತಿತ್ತು. ಆದರೆ ಯುದ್ಧ ಮುಗಿದ ಮೇಲೆ ಆ ಸಾಮಗ್ರಿಯನ್ನು ಹಿಂದಿರುಗಿಸಬೇಕು, ಇಲ್ಲವೇ ಬೆಲೆ ತೆರಬೇಕು. ಎರಡೂ ಆಗದಿದ್ದರೆ ಮತ್ತೆ ಯಾರ ಉಪಯೋಗಕ್ಕೂ ಬಾರದಂತೆ ಮಾಡಬೇಕು. ಹಿಂದಿರುಗಿಸಿದರೆ ತೆಗೆದುಕೊಳ್ಳುವವರಿಲ್ಲ, ಕೊಂಡುಕೊಳ್ಳೋಣವೆಂದರೆ ಬ್ರಿಟನ್ನಿನ ಬೊಕ್ಕಸದಲ್ಲಿ ಕಾಸಿಲ್ಲ. ಉಳಿದದ್ದು ಮೂರನೆಯ ದಾರಿಯೊಂದೇ.

ಹೀಗಾಗಿ ಕಾನ್ಪುರದ ವಿಮಾನ ನೆಲೆಯಲ್ಲಿ ಲಿಬರೇಟರುಗಳ ಒಂದು ಸ್ಮಶಾನವೇ ನಿರ್ಮಾಣವಾಯಿತು. ಪೂರ್ವದೇಶದ ನೆಲೆಗಳಿಂದ ಹಾರಿಬಂದ ವಿಮಾನಗಳನ್ನು ಸಾಲಾಗಿ ನಿಲ್ಲಿಸಿ, ಅವು ಮತ್ತೆಂದೂ ಮೇಲೇಳದಂತೆ ಮಾಡುವ ಕೆಲಸ ನಡೆಯಿತು. ಎಂಜಿನ್ನುಗಳೊಳಗೆ ಮರಳು ಸುರಿದರು. ಚಾಲಕನ ಮುಂದಿನ ಮಾಪಕಗಳ ಗಾಜನ್ನು ಒಡೆದರು. ದೇಹದ ತಗಡುಗಳನ್ನು ಜಜ್ಜಿದರು. ಕೆಟ್ಟುಹೋದ ಯಂತ್ರ ಬೇರೆ, ಕೆಡಿಸಿಹಾಕಿದ ಯಂತ್ರ ಬೇರೆ. ಮೊದಲನೆಯದಕ್ಕೆ ಕಾಲ ಶತ್ರು. ಎರಡನೆಯದಕ್ಕೆ ಮನುಷ್ಯನ ಬುದ್ಧಿಯೇ ಶತ್ರು. ಎಲ್ಲಿ ಹೊಡೆದರೆ ಏಳಲಾರದೆಂಬುದು ಬಲ್ಲವರೇ ಹೊಡೆದ ಪೆಟ್ಟು ಅದು. ಅದರ ಮೇಲೆ ಉತ್ತರದೇಶದ ಬೇಸಿಗೆ, ಮಳೆಗಾಲಗಳು ಒಂದರ ಹಿಂದೊಂದು ಹಾದುಹೋದವು. ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನಿಗಾದರೂ ಉತ್ತರಾಯಣದ ನಿರೀಕ್ಷೆಯಿತ್ತು. ಈ ಲೋಹದ ಹಕ್ಕಿಗಳಿಗೆ ಅದೂ ಇರಲಿಲ್ಲ.

ಅಷ್ಟರಲ್ಲಿ ದೇಶ ಸ್ವತಂತ್ರವಾಯಿತು. ಸ್ವಾತಂತ್ರ್ಯದ ಸಂಭ್ರಮ ಇನ್ನೂ ಆರಿರಲಿಲ್ಲ, 1947ರ ಅಕ್ಟೋಬರಿನಲ್ಲಿ ಕಾಶ್ಮೀರದ ಕದನ ಮೊದಲಾಯಿತು. ಹೊಸ ದೇಶದ ವಾಯುಪಡೆಯಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ಭಾರೀ ಬಾಂಬರ್ ವಿಮಾನ ಮಾತ್ರ ಒಂದೂ ಇರಲಿಲ್ಲ. ಸಾಮಾನು, ಸೈನಿಕರನ್ನು ಹೊರುವ ಡಕೋಟಾ ವಿಮಾನಗಳಲ್ಲಿಯೇ ಬಾಂಬುಗಳನ್ನು ತುಂಬಿಕೊಂಡು ಹೋಗಿ, ಬಾಗಿಲಿನಿಂದ ಕೈಯಾರೆ ಉರುಳಿಸಿದ್ದುಂಟು. ಹೊಸ ಬಾಂಬರುಗಳನ್ನು ಕೊಂಡು ತರೋಣವೆಂದರೆ ಬಡವನ ಮನೆಯ ಕಥೆ. ಖರ್ಚಿನ ಬಾಬುಗಳು ನೂರು, ವರಮಾನ ಒಂದು. ಆಗ ಕಾನ್ಪುರದ ಆ ಬಯಲಿನ ಕಡೆ ಯಾರದೋ ಕಣ್ಣು ಹೊರಳಿತು. ಸತ್ತವೆಂದು ಎಲ್ಲರೂ ಕೈಬಿಟ್ಟ ಆ ವಿಮಾನಗಳಲ್ಲಿ ಹತ್ತಾದರೂ ಏಳಬಲ್ಲವೇ?

ಪ್ರಶ್ನೆ ಬಂದದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರ ಸಾಹಸ, ಮೈಸೂರು ಸರ್ಕಾರದ ಬೆಂಬಲ ಎರಡೂ ಕೂಡಿ ಹುಟ್ಟಿದ ಸಂಸ್ಥೆ ಅದು. ಊರಿನ ಪೂರ್ವದ ಹೊಲಗಳ ನಡುವೆ ಎದ್ದ ಆ ಕಾರ್ಖಾನೆಗೆ ಆಗ ಎಂಟು ವರ್ಷದ ಪ್ರಾಯ. ಆದರೆ ಆ ಎಂಟು ವರ್ಷಗಳಲ್ಲಿ ಅದು ಕಂಡದ್ದು ಅಲ್ಪವಲ್ಲ. ಯುದ್ಧಕಾಲದಲ್ಲಿ, 1943ರಿಂದ, ಅಮೆರಿಕದ ಸೇನೆಯ ಆಡಳಿತದಲ್ಲಿ ಅಲ್ಲಿ ನೂರಾರು ವಿಮಾನಗಳನ್ನು ಬಿಚ್ಚಿ, ತೊಳೆದು, ಸರಿಪಡಿಸಿ ಮತ್ತೆ ಹಾರಿಸಲಾಗುತ್ತಿತ್ತು. ಬೆಳಗಿನ ಜಾವ ಊಟದ ಡಬ್ಬಿ ಹಿಡಿದು ಹೊರಟ ಎಷ್ಟೋ ಮನೆಗಳ ಯುವಕರು, ನಿನ್ನೆ ಮೊನ್ನೆಯವರೆಗೆ ಎತ್ತಿನ ಗಾಡಿಯ ಕೀಲೆಣ್ಣೆಯನ್ನಷ್ಟೇ ಕಂಡಿದ್ದವರು, ಅಲ್ಲಿ ಡಕೋಟಾದ ಎಂಜಿನ್ನನ್ನು ಕೊನೆಯ ತಿರುಪಿನವರೆಗೆ ಬಿಚ್ಚಿ ಜೋಡಿಸುವುದನ್ನು ಕಲಿತಿದ್ದರು. ಡಕೋಟಾದ ಎಂಜಿನ್ನೂ ಲಿಬರೇಟರಿನ ಎಂಜಿನ್ನೂ ಒಂದೇ ಮನೆತನದ ಕೂಸುಗಳು. ಎರಡೂ ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ‘ಟ್ವಿನ್ ವಾಸ್ಪ್’ ವಂಶಕ್ಕೆ ಸೇರಿದವು. ವಿಮಾನ ಹೊಸದಾದರೂ ಅದರ ಹೃದಯದ ಬಡಿತ ಆ ಕೈಗಳಿಗೆ ಹಳೆಯ ಪರಿಚಯ.

1948ರಲ್ಲಿ ಬೆಂಗಳೂರಿನ ತಂಡ ಕಾನ್ಪುರಕ್ಕೆ ಹೋಯಿತು.

ಬಿಟ್ಟುಹೋದ ವಿಮಾನವನ್ನು ಏಳಿಸುವ ಕೆಲಸ ಹೊಸ ವಿಮಾನವನ್ನು ಕಟ್ಟುವುದಕ್ಕಿಂತ ಕಷ್ಟ. ಹೊಸದರಲ್ಲಿ ಪ್ರತಿಯೊಂದು ಭಾಗವೂ ಸರಿಯಾಗಿದೆಯೆಂಬ ನಂಬಿಕೆಯಿಂದ ಕೆಲಸ ಮೊದಲಾಗುತ್ತದೆ. ಹಳೆಯದರಲ್ಲಿ ಪ್ರತಿಯೊಂದನ್ನೂ ಅನುಮಾನಿಸಿಯೇ ಹತ್ತಿರ ಹೋಗಬೇಕು. ಕಬ್ಬಿಣದ ರೋಗ ಕೆಂಪಾಗಿ ಕಣ್ಣಿಗೆ ಬೀಳುತ್ತದೆ. ಅಲ್ಯೂಮಿನಿಯಮ್ಮಿನ ರೋಗ ಹಾಗಲ್ಲ. ತಗಡು ತಗಡು ಕೂಡುವ ಸಂದಿನಲ್ಲಿ, ರಿವೆಟ್ಟಿನ ತಲೆಯ ಸುತ್ತ, ಬಿಳಿಯ ಪುಡಿಯಾಗಿ ಸದ್ದಿಲ್ಲದೆ ಕುಳಿತು ಒಳಗಿಂದೊಳಗೇ ತಿನ್ನುತ್ತದೆ. ಮೇಲಿನಿಂದ ಹೊಳೆಯುವ ತಗಡನ್ನು ಬೆರಳಿನಿಂದ ತಟ್ಟಿ ನೋಡಿದರೆ ಗಟ್ಟಿಯ ಜಾಗದಲ್ಲಿ ಒಂದು ಸದ್ದು, ಟೊಳ್ಳಿನ ಜಾಗದಲ್ಲಿ ಇನ್ನೊಂದು. ಮಾರುಕಟ್ಟೆಯಲ್ಲಿ ತೆಂಗಿನಕಾಯಿ ಕೊಳ್ಳುವ ಗೃಹಿಣಿಗೆ ಗೊತ್ತಿರುವ ವಿದ್ಯೆಯೇ ಅದು!

ಲಿಬರೇಟರಿನ ಇಂಧನ ರೆಕ್ಕೆಯೊಳಗಿನ ರಬ್ಬರಿನ ಚೀಲಗಳಲ್ಲಿರುತ್ತದೆ. ಬಿಸಿಲಿಗೆ ಒಣಗಿ ಸೀಳಿದ ರಬ್ಬರು ಪೆಟ್ರೋಲನ್ನು ಹಿಡಿದಿಡಲಾರದು. ಸೋರಿದ ಹೊಗೆ ಒಡಲೊಳಗೆ ತುಂಬಿದರೆ ಒಂದು ಕಿಡಿ ಸಾಕು. ರೆಕ್ಕೆ, ಬಾಲಗಳ ಚಲನೆಯನ್ನು ಚಾಲಕನ ಕೈಗೆ ತಂದುಕೊಡುವ ಉಕ್ಕಿನ ಹಗ್ಗಗಳಲ್ಲಿ ಒಂದೆಳೆ ಹರಿದಿದ್ದರೂ ಬೆರಳಿಗೆ ತಗುಲಬೇಕು, ಕಣ್ಣಿಗೆ ಕಾಣದು. ಚಕ್ರಗಳನ್ನು ಇಳಿಸಿ ಏರಿಸುವ ಎಣ್ಣೆಯ ಕೊಳವೆಗಳು, ವಿದ್ಯುತ್ ತಂತಿಗಳ ಹೊದಿಕೆಯನ್ನು ಕಡಿದ ಇಲಿಗಳು, ಎಂಜಿನ್ನಿನ ಬಾಯಲ್ಲಿ ಗೂಡು ಕಟ್ಟುವ ಹಕ್ಕಿಗಳು, ಇವೆಲ್ಲ ಬಯಲಿನಲ್ಲಿ ನಿಂತ ವಿಮಾನಕ್ಕೆ ಬರುವ ಸಾಮಾನ್ಯ ಕಾಯಿಲೆಗಳು. ಮರಳಿನ ಹಾವಳಿ ಇವೆಲ್ಲಕ್ಕೂ ಮೀರಿದ್ದು. ಒಂದು ಹಿಡಿ ಮರಳು ಉಳಿದರೂ ಎಂಜಿನ್ ತಿರುಗತೊಡಗಿದಾಗ ಅದು ಅರದಂತೆ ಸಿಲಿಂಡರಿನ ಗೋಡೆಯನ್ನು ಗೀರಿಹಾಕುತ್ತದೆ. ಆದುದರಿಂದ ಬಿಚ್ಚಬೇಕು, ತೊಳೆಯಬೇಕು, ಒರೆಸಬೇಕು, ಮತ್ತೆ ತೊಳೆಯಬೇಕು.

ಇಂಥ ಕೆಲಸದಲ್ಲಿ ಅಂಗಡಿಯಿಂದ ಬಿಡಿಭಾಗ ತರಿಸುವ ಮಾತಿಲ್ಲ. ಅಕ್ಕಪಕ್ಕದಲ್ಲಿ ಬಿದ್ದ ವಿಮಾನಗಳೇ ಅಂಗಡಿ. ಇದರ ಚಕ್ರ ಮುರಿದಿದ್ದರೆ ಅದರ ಚಕ್ರ. ಅದರ ಬಾಲ ಜಜ್ಜಿದ್ದರೆ ಮೂರನೆಯದರ ಬಾಲ. ಯಾವುದನ್ನು ಬದುಕಿಸಬೇಕು, ಯಾವುದನ್ನು ಇತರರ ಬದುಕಿಗಾಗಿ ಬಿಚ್ಚಬೇಕು ಎಂದು ನಿರ್ಧರಿಸುವುದು ಸುಲಭವಲ್ಲ. ಎರಡು ಸೀಳಾಗಿ ಬಿದ್ದಿದ್ದ ಜರಾಸಂಧನನ್ನು ಜರೆ ಕೂಡಿಸಿದಳೆಂದು ಭಾರತದ ಕಥೆ ಹೇಳುತ್ತದೆ. ಅವಳಿಗೆ ಕೂಡಿಸಬೇಕಾಗಿದ್ದದ್ದು ಎರಡೇ ಹೋಳು.

ಕಾನ್ಪುರದಲ್ಲಿ ಪೂರ್ತಿ ದುರಸ್ತಿ ಮಾಡುವ ಅನುಕೂಲವಿರಲಿಲ್ಲ. ಆದುದರಿಂದ ಗೊತ್ತುಮಾಡಿಕೊಂಡ ಗುರಿ ಒಂದೇ: ವಿಮಾನ ಒಂದು ಸಲ, ಒಂದೇ ಒಂದು ಸಲ, ಬೆಂಗಳೂರಿನವರೆಗೆ ಹಾರಿದರೆ ಸಾಕು. ಉಳಿದದ್ದನ್ನು ಕಾರ್ಖಾನೆಯಲ್ಲಿ ನೋಡಿಕೊಳ್ಳಬಹುದು. ರೋಗಿಯನ್ನು ದೊಡ್ಡಾಸ್ಪತ್ರೆಗೆ ಸೇರಿಸುವವರೆಗೆ ಉಸಿರು ಹಿಡಿಸಿಕೊಡುವ ಹಳ್ಳಿಯ ವೈದ್ಯನಂತೆ ಅವರು ನಡೆದುಕೊಂಡರು.

ಆದರೆ ಆ ರೋಗಿ ಆಸ್ಪತ್ರೆಗೆ ತಾನೇ ಹಾರಿಕೊಂಡು ಹೋಗಬೇಕಲ್ಲ! ಕಾನ್ಪುರದಿಂದ ಬೆಂಗಳೂರಿಗೆ ಸುಮಾರು 1,500 ಕಿಲೋಮೀಟರು. ನಡುವೆ ವಿಂಧ್ಯದ ಬೆಟ್ಟಗಳು, ನರ್ಮದೆ, ಗೋದಾವರಿ, ಕೃಷ್ಣೆಯರು, ದಖ್ಖಣದ ಕಲ್ಲುಬಯಲು. ಈ ಹಾರಾಟದ ಹೊಣೆ ಹೊತ್ತವರು ಕಾರ್ಖಾನೆಯ ಪರೀಕ್ಷಾ ವೈಮಾನಿಕರಾಗಿದ್ದ ಜಮ್‌ಷೆಡ್ ಮುನ್ಷಿಯವರು. ಪರೀಕ್ಷಾ ವೈಮಾನಿಕನ ಕೆಲಸವೇ ಅಪಾಯದ್ದು. ಆದರೆ ಹೊಸ ವಿಮಾನವನ್ನು ಮೊದಲ ಬಾರಿಗೆ ಮೇಲೆತ್ತುವವನಿಗೆ ಅದನ್ನು ಕಟ್ಟಿದವರ ಲೆಕ್ಕಾಚಾರದ ಕಾಗದಗಳಾದರೂ ಕೈಯಲ್ಲಿರುತ್ತವೆ. ಬೇಕೆಂದೇ ಕೆಡಿಸಿ, ಮಳೆಗೆ ನೆನೆದು, ಒಂದರ ಅಂಗ ಮತ್ತೊಂದಕ್ಕೆ ಸೇರಿಸಿದ ವಿಮಾನದ ಬಗ್ಗೆ ಯಾವ ಕಾಗದ ಏನು ಹೇಳೀತು? ಒಂದು ಸುರಕ್ಷಿತವಾಗಿ ಬಂದಿತೆಂದು ಮುಂದಿನದೂ ಬಂದೀತೆಂಬ ಭರವಸೆಯಿಲ್ಲ. ಒಂದೊಂದರ ಗಾಯವೂ ಬೇರೆ. ಅವನಿಗಿದ್ದ ಆಧಾರವೆಂದರೆ ಹಿಂದಿನ ರಾತ್ರಿ ಕೊನೆಯ ಬೋಲ್ಟನ್ನು ಬಿಗಿದವನ ಮಾತು, “ಸರಿಯಾಗಿದೆ ಸ್ವಾಮಿ” ಎಂಬಷ್ಟೇ ಮಾತು. ಆ ಒಂದು ಮಾತಿನ ಮೇಲೆ ಪ್ರಾಣವಿಟ್ಟು ಮನುಷ್ಯ ನೆಲ ಬಿಡುತ್ತಾನೆ. ಹಳೆಯ ವಿಮಾನವನ್ನು ಏಳಿಸುವ ಕೆಲಸದ ತಿರುಳೆಲ್ಲ ಇಲ್ಲಿದೆ. ಅಲ್ಲಿ ತಗಡಿಗಿಂತ, ಎಂಜಿನ್ನಿಗಿಂತ ಮೊದಲು ಬೇಕಾಗುವುದು ಸುಳ್ಳಾಡದ ಕೈ.

ಆ ಕೈಗಳು ಸುಳ್ಳಾಡಲಿಲ್ಲ. ಒಂದಾದ ಮೇಲೊಂದರಂತೆ ಲಿಬರೇಟರುಗಳು ಬೆಂಗಳೂರಿನ ಆಕಾಶದಲ್ಲಿ ಕಾಣಿಸಿಕೊಂಡವು. ಮೊದಲನೆಯ ಹಾರಾಟಕ್ಕೆ ಧೈರ್ಯ ಸಾಕು. ಅಲ್ಲಿ ಸಾಹಸದ ಬಿಸಿಯೇ ಮನುಷ್ಯನನ್ನು ನಡೆಸುತ್ತದೆ. ಹತ್ತನೆಯದಕ್ಕೆ, ಇಪ್ಪತ್ತನೆಯದಕ್ಕೆ ಬೇಕಾದದ್ದು ತಾಳ್ಮೆ. ಒಟ್ಟು ನಲವತ್ತರ ಆಸುಪಾಸಿನಲ್ಲಿ ವಿಮಾನಗಳು ಹೀಗೆ ಸಾವಿನ ಬಾಯಿಂದ ಮರಳಿದವು. ನಮ್ಮ 44-44052 ಅವುಗಳಲ್ಲಿ ಒಂದು. ಬೆಂಗಳೂರಿನ ಕಾರ್ಖಾನೆಯಲ್ಲಿ ಅದಕ್ಕೆ ಎರಡನೆಯ ಜನ್ಮವಾಯಿತು. ಸಂಸ್ಕೃತದಲ್ಲಿ ಹಕ್ಕಿಗೆ ‘ದ್ವಿಜ’ ಎಂಬ ಹೆಸರುಂಟು. ಮೊಟ್ಟೆಯಾಗಿ ಒಮ್ಮೆ, ಮೊಟ್ಟೆಯೊಡೆದು ಮತ್ತೊಮ್ಮೆ ಹುಟ್ಟುವುದರಿಂದ ಆ ಹೆಸರು. ಈ ಹಕ್ಕಿ ಆ ಹೆಸರನ್ನು ಅಕ್ಷರಶಃ ಗಳಿಸಿತು.

1948ರ ನವೆಂಬರಿನಲ್ಲಿ ಈ ವಿಮಾನಗಳಿಂದ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಸ್ಥಾಪಿತವಾಯಿತು. ಭಾರತದ ಮೊದಲ ಭಾರೀ ಬಾಂಬರ್ ದಳ ಅದು. 1951ರಲ್ಲಿ ಮತ್ತೊಂದು ದಳ ಪುಣೆಯಲ್ಲಿ ಮೊದಲಾಗಿ, ಲಿಬರೇಟರುಗಳು ಸಮುದ್ರದ ಕಾವಲಿಗೂ ನಿಂತವು. ಒಂದು ಹಾರಾಟವಾದರೆ ಸಾಕೆಂದು ಏಳಿಸಿದ ವಿಮಾನಗಳು ಇಪ್ಪತ್ತು ವರ್ಷ ಹಾರಿದವು! 1968ರ ಡಿಸೆಂಬರ್ ಕೊನೆಗೆ ಅವು ನಿವೃತ್ತಿಯಾದಾಗ ಜಗತ್ತಿನ ಯಾವ ವಾಯುಪಡೆಯಲ್ಲಿಯೂ ಸೇವೆಯಲ್ಲಿರುವ ಲಿಬರೇಟರ್ ಉಳಿದಿರಲಿಲ್ಲ. ಹುಟ್ಟಿಸಿದ ದೇಶದಲ್ಲಿ ಅವು ಎಂದೋ ಕರಗಿ ಪಾತ್ರೆ ಪಡಗಗಳ ಲೋಹವಾಗಿ ಹೋಗಿದ್ದವು.

ಈ ಕೆಲಸದಿಂದ ದೇಶಕ್ಕೆ ದೊರೆತದ್ದು ವಿಮಾನಗಳಷ್ಟೇ ಅಲ್ಲ. ಕೆಟ್ಟದ್ದನ್ನು ಬಿಚ್ಚಿ ನೋಡಿದವನಿಗೆ ಕಟ್ಟುವ ಗುಟ್ಟು ತಾನಾಗಿಯೇ ತಿಳಿಯುತ್ತದೆ. 1951ರ ಆಗಸ್ಟಿನಲ್ಲಿ ಡಾಕ್ಟರ್ ವಿ. ಎಂ. ಘಾಟಗೆಯವರ ವಿನ್ಯಾಸದ ಎಚ್‌ಟಿ-2 ಎಂಬ ತರಬೇತಿ ವಿಮಾನ ಅದೇ ಕಾರ್ಖಾನೆಯಿಂದ ಹೊರಬಂದು ಮೊದಲ ಬಾರಿಗೆ ಗಾಳಿಗೇರಿತು. ಅಂದು ಅದನ್ನು ಹಾರಿಸಿದವರೂ ಅದೇ ಮುನ್ಷಿಯವರು. ಪರರ ಹಳೆಯ ವಿಮಾನವನ್ನು ನಂಬಿ ಹಾರಿದವರಿಗೆ ತಮ್ಮವರೇ ಕಟ್ಟಿದ ಹೊಸದನ್ನು ನಂಬುವುದು ಕಷ್ಟವಾಗಿರಲಾರದು.

ಇಲ್ಲಿಗೆ ಕಥೆ ಮುಗಿದಿದ್ದರೆ ಮಂಗಳ ಹಾಡಬಹುದಾಗಿತ್ತು. ಆದರೆ ವಿಮಾನದ ಜಾತಕದಲ್ಲಿ ಇನ್ನೂ ಒಂದು ಗ್ರಹಚಾರ ಬರೆದಿತ್ತು.

ನಿವೃತ್ತವಾದ ಲಿಬರೇಟರುಗಳಲ್ಲಿ ಕೆಲವು ಅದೃಷ್ಟವಂತರಿದ್ದರು. 1968ರಲ್ಲಿ ಒಂದು ಕೆನಡಾದ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಮರುವರ್ಷ ಮತ್ತೊಂದು ಅಮೆರಿಕದ ಅರಿಜೋನಾದಲ್ಲಿರುವ ಪಿಮಾ ಸಂಗ್ರಹಾಲಯಕ್ಕೆ ಹಾರಿತು. 1974ರಲ್ಲಿ ಭಾರತ ಉಡುಗೊರೆಯಾಗಿ ಕೊಟ್ಟ ಇನ್ನೊಂದು ತನ್ನ ರೆಕ್ಕೆಯ ಮೇಲೆಯೇ ಬ್ರಿಟನ್ನನ್ನು ಮುಟ್ಟಿತು. ಕೊಲ್ಲಲೆಂದು ಬಿಟ್ಟುಹೋದವರ ಊರಿಗೇ ಹಾರಿಹೋಗಿ ಇಳಿಯುವುದೆಂದರೆ ಅದೊಂದು ಬಗೆಯ ಸೌಜನ್ಯದ ಸೇಡು! ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯದಲ್ಲಿಯೂ ಒಂದು ಉಳಿಯಿತು.

44-44052ರ ಹಣೆಯಲ್ಲಿ ಇದಾವುದೂ ಇರಲಿಲ್ಲ. ಅದು ಬೆಂಗಳೂರಿನಲ್ಲಿಯೇ ನಿಂತಿತು. ತನ್ನನ್ನು ಬದುಕಿಸಿದ ಊರಿನಲ್ಲಿ, ಹದಿಮೂರು ವರ್ಷ, ಯಾರಿಗೂ ಬೇಡವಾಗಿ ನಿಂತಿತು. ಈ ಬಾರಿ ಅದರೊಳಗೆ ಯಾರೂ ಮರಳು ಸುರಿಯಲಿಲ್ಲ, ಯಾರೂ ಗಾಜು ಒಡೆಯಲಿಲ್ಲ. ಸುಮ್ಮನೆ ಮರೆತರು. ಮರೆವು ಮಾಡುವ ಕೆಲಸ ಸಾವಕಾಶದ್ದು. ಆದರೆ ಕಾನ್ಪುರದ ಸುತ್ತಿಗೆ ಮಾಡಿದ್ದಕ್ಕಿಂತ ಕಡಿಮೆಯದೇನಲ್ಲ.

ಯಾರನ್ನೂ ದೂರುವಂತಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆಂಬುದು ಲೋಕದ ರೀತಿ. 1948ರಲ್ಲಿ ಲಿಬರೇಟರನ್ನು ಎಬ್ಬಿಸಿದ್ದು ಅಗತ್ಯ. ಅಗತ್ಯವೆಂಬುದು ಬಹಳ ಗಟ್ಟಿಗ ವೈದ್ಯ, ಸತ್ತದ್ದನ್ನೂ ಎಬ್ಬಿಸಬಲ್ಲ. ಆದರೆ ರೋಗಿ ಎದ್ದು ಓಡಾಡಿದ ಮೇಲೆ ಅವನ ಯೋಗಕ್ಷೇಮ ವಿಚಾರಿಸುವ ಅಭ್ಯಾಸ ಆ ವೈದ್ಯನಿಗಿಲ್ಲ. ಹೊಸ ಜೆಟ್ ವಿಮಾನಗಳು ಬಂದವು. ಕಾರ್ಖಾನೆಯವರ ಕಣ್ಣು ಸಹಜವಾಗಿಯೇ ಮುಂದಿನದರ ಮೇಲೆ ನೆಟ್ಟಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯೂ ಸುಳ್ಳಾಗಲಿಲ್ಲ.

1981ರಲ್ಲಿ ಡಗ್ ಆರ್ನಾಲ್ಡ್ ಎಂಬ ಬ್ರಿಟಿಷ್ ಸಂಗ್ರಾಹಕರು ಅದನ್ನು ಪಡೆದುಕೊಂಡರು. ಬಿಡಿಬಿಡಿಯಾಗಿ ಬಿಚ್ಚಿ, ದೊಡ್ಡ ಸರಕು ವಿಮಾನದ ಹೊಟ್ಟೆಯಲ್ಲಿ ತುಂಬಿಸಿ ಇಂಗ್ಲೆಂಡಿಗೆ ಸಾಗಿಸಿದರು. ಒಮ್ಮೆ ಕಾನ್ಪುರದಿಂದ ತಾನಾಗಿಯೇ ಹಾರಿಬಂದಿದ್ದ ವಿಮಾನ, ಹೋಗುವಾಗ ಮತ್ತೊಂದರ ಹೊರೆಯಾಗಿ ಹೋಯಿತು. 1984ರಲ್ಲಿ ಅದು ಅಮೆರಿಕದ ರಾಬರ್ಟ್ ಕಾಲಿಂಗ್ಸ್ ಅವರ ಕೈಸೇರಿ, ಅವರ ಹೆಸರಿನ ಪ್ರತಿಷ್ಠಾನದ ಸ್ವತ್ತಾಯಿತು.

ಅಲ್ಲಿ ಎದ್ದ ಪ್ರಶ್ನೆ ಬೇರೆ ಬಗೆಯದು. ವಿಮಾನವನ್ನು ಚೊಕ್ಕಟಗೊಳಿಸಿ, ಬಣ್ಣ ಬಳಿದು, ಒಂದು ಕಡೆ ಪ್ರದರ್ಶನಕ್ಕೆ ನಿಲ್ಲಿಸುವುದೇ ಮೊದಲಿನ ಆಲೋಚನೆ. ಹಾರುವಂತೆ ಮಾಡಬೇಕಾದರೆ ತಗಲುವ ಹಣದ, ಶ್ರಮದ ಮೂರರಲ್ಲೊಂದು ಪಾಲಿನಲ್ಲಿ ಅದು ಮುಗಿಯುತ್ತಿತ್ತು. ಆದರೆ ಯುದ್ಧಕಾಲದಲ್ಲಿ ಲಿಬರೇಟರುಗಳಲ್ಲಿ ಹಾರಿ ಬದುಕಿ ಬಂದಿದ್ದ ಹಳಬರು ಒಪ್ಪಲಿಲ್ಲ. ಒಂದೇ ಕಡೆ ನಿಂತ ವಿಮಾನವನ್ನು ವರ್ಷಕ್ಕೆ ಕೆಲವು ಸಾವಿರ ಜನ ನೋಡಿಯಾರು. ಊರಿಂದೂರಿಗೆ ಹಾರಿದರೆ ಲಕ್ಷಾಂತರ ಜನ ನೋಡುತ್ತಾರೆ ಎಂಬುದು ಅವರ ವಾದ. ಮಾತಿನಲ್ಲಿ ಹೇಳದ ಮತ್ತೊಂದು ವಾದವೂ ಇದ್ದಿರಬೇಕು. ಇಪ್ಪತ್ತರ ಹರೆಯದಲ್ಲಿ ಗೆಳೆಯರನ್ನು ಆಕಾಶದಲ್ಲಿಯೇ ಕಳೆದುಕೊಂಡವರಿಗೆ ನಾಲ್ಕು ಎಂಜಿನ್ನುಗಳ ಆ ಗುಡುಗನ್ನು ಇನ್ನೊಮ್ಮೆ ಕೇಳಬೇಕೆಂಬ ಆಸೆ ಏಳದಿರಲಾರದು. ಮೂಕವಾಗಿ ನಿಂತ ವಿಮಾನ ಗೋಡೆಯ ಮೇಲಿನ ಭಾವಚಿತ್ರದಂತೆ. ಹಾರುವ ವಿಮಾನಕ್ಕೆ ದನಿಯುಂಟು.

ಅವರ ಮಾತೇ ಗೆದ್ದಿತು. ಹತ್ತಾರು ಸಾವಿರ ಗಂಟೆಗಳ ಕೆಲಸ ನಡೆಯಿತು. ತಗಡು, ತಂತಿ, ಕೊಳವೆ, ಇಂಧನದ ಚೀಲ ಎಲ್ಲವನ್ನೂ ಮತ್ತೆ ಪರೀಕ್ಷಿಸಿ, ಕೆಟ್ಟದ್ದನ್ನು ಹೊಸದಾಗಿ ಮಾಡಿ ಕೂಡಿಸಿದರು. 1989ರಲ್ಲಿ 44-44052 ಮತ್ತೆ ಆಕಾಶಕ್ಕೇರಿತು. ಇದು ಮೂರನೆಯ ಜನ್ಮ. ಮುಂದಿನ ಮೂರು ದಶಕಗಳ ಕಾಲ ಅದು ಅಮೆರಿಕದ ಊರೂರು ಸುತ್ತಿತು. ಊರುಗೋಲಿನ ಮುದುಕರೂ ಅವರ ಕೈಹಿಡಿದ ಮೊಮ್ಮಕ್ಕಳೂ ಅದರ ರೆಕ್ಕೆಯ ನೆರಳಿನಲ್ಲಿ ನಿಂತು ಕಣ್ಣೊರೆಸಿಕೊಂಡರು.

ಆಗ ಅದಕ್ಕಿಟ್ಟ ಮೊದಲ ಹೆಸರು ‘ಆಲ್ ಅಮೆರಿಕನ್’. ಎಂದರೆ ಅಪ್ಪಟ ಅಮೆರಿಕದ್ದು. ಅದು ಯುದ್ಧಕಾಲದ ಬೇರೊಂದು ಪ್ರಸಿದ್ಧ ಲಿಬರೇಟರಿನ ನೆನಪಿಗೆ ಇಟ್ಟ ಹೆಸರು. ಅದರಲ್ಲಿ ತಪ್ಪೇನೂ ಇಲ್ಲ. ಆದರೂ ಬೆಂಗಳೂರಿನ ಓದುಗರಿಗೆ ಅದನ್ನು ಕೇಳಿ ಒಂದು ಮುಗುಳ್ನಗೆ ಬಂದರೆ ಆಶ್ಚರ್ಯವಿಲ್ಲ. ಅಮೆರಿಕದಲ್ಲಿ ಅದು ಬಾಳಿದ್ದು ಕೆಲವೇ ವಾರ, ಬ್ರಿಟಿಷರ ಕೈಯಲ್ಲಿ ಸುಮಾರು ಒಂದು ವರ್ಷ. ಸೈನಿಕನಾಗಿ ಅದು ದುಡಿದ ಆಯುಷ್ಯದ ಬಹುಭಾಗ, ಇಪ್ಪತ್ತು ವರ್ಷ, ಕಳೆದದ್ದು ತ್ರಿವರ್ಣದ ಚಕ್ರವನ್ನು ರೆಕ್ಕೆಯ ಮೇಲೆ ಧರಿಸಿಕೊಂಡು. ಅದರ ಹಳೆಯ ತಗಡಿನ ಎಷ್ಟು ರಿವೆಟ್ಟುಗಳನ್ನು ಕನ್ನಡ, ತಮಿಳು, ತೆಲುಗು ಮಾತನಾಡುವ ಕೈಗಳು ಬಡಿದಿದ್ದವೋ! ಅವರ ಹೆಸರನ್ನು ಅದರ ಮೈಮೇಲೆ ಯಾರೂ ಬರೆಯಲಿಲ್ಲ. ಬರೆಯಬೇಕೆಂದು ಅವರೂ ಕೇಳಿರಲಾರರು. ಸಂಜೆ ಮನೆಗೆ ಬಂದು, ಸೀಗೇಪುಡಿ ಹಾಕಿ ಕೈಗೆ ಹತ್ತಿದ ಗ್ರೀಸನ್ನು ತಿಕ್ಕಿ ತೊಳೆದು, “ಇವತ್ತು ಏನು ಕೆಲಸ?” ಎಂದು ಹೆಂಡತಿ ಕೇಳಿದರೆ “ಏನೋ ಹಳೇ ವಿಮಾನ, ರಿಪೇರಿ” ಎಂದು ಹೇಳಿ ಊಟಕ್ಕೆ ಕುಳಿತ ಜನ ಅವರು.

ಮೂರು ಜನ್ಮದ ಈ ಕಥೆಯಲ್ಲಿ ಎರಡು ಬಗೆಯ ವೈದ್ಯರಿದ್ದಾರೆ. ಒಬ್ಬ ಅಗತ್ಯ, ಇನ್ನೊಬ್ಬ ಅಕ್ಕರೆ. ಅಗತ್ಯಕ್ಕೆ ಬಲ ಹೆಚ್ಚು, ಆಯುಸ್ಸು ಕಡಿಮೆ. ಅಕ್ಕರೆಗೆ ಅವಸರವಿಲ್ಲ, ಅದು ತಡವಾಗಿ ಬರುತ್ತದೆ, ಕೆಲವು ಸಲ ಸಾಗರದಾಚೆಯಿಂದ ಬರುತ್ತದೆ. ಬಂದ ಮೇಲೆ ಮಾತ್ರ ಸುಲಭವಾಗಿ ಹೋಗುವುದಿಲ್ಲ. ಅಗತ್ಯದಿಂದ ಮಾಡಿದ ದೊಡ್ಡ ಕೆಲಸವನ್ನು ಆಮೇಲೆ ಅಕ್ಕರೆಯಿಂದ ಕಾಪಾಡಿಕೊಳ್ಳದಿದ್ದರೆ, ಅದನ್ನು ಮಾಡಿದವರು ನಾವೇ ಎಂಬುದೂ ಮರೆತುಹೋಗುತ್ತದೆ. ಒಂದು ದಿನ ಯಾರೋ ಬಂದು ಅದಕ್ಕೆ ತಮ್ಮ ಹೆಸರಿಡುತ್ತಾರೆ.

ಮುಂದಿನ ಹಬ್ಬಕ್ಕೆ ಅಟ್ಟದ ಧೂಳು ಹೊಡೆಯುವ ದಿನ ಬಂದೇ ಬರುತ್ತದೆ. ಗೃಹಿಣಿ ಎಂದಿನಂತೆ ಆ ಪ್ರಶ್ನೆ ಕೇಳಿದಾಗ ಯಜಮಾನ ಪತ್ರಿಕೆಯನ್ನು ಮಡಿಸಿಟ್ಟು, ಏಣಿ ಹತ್ತಿ, ಅಜ್ಜಿಯ ಹೊಲಿಗೆಯ ಯಂತ್ರವನ್ನೊಮ್ಮೆ ಕೆಳಗಿಳಿಸಲಿ. ಎರಡು ತೊಟ್ಟು ಎಣ್ಣೆ ಬಿಟ್ಟು, ಹಿಡಿಯನ್ನು ಮೆಲ್ಲಗೆ ತಿರುಗಿಸಲಿ. ಅದು ತಿರುಗಲೂಬಹುದು, ತಿರುಗದಿರಲೂಬಹುದು. ಸದ್ದು ಕೇಳಿ ಮಕ್ಕಳಂತೂ ಸುತ್ತ ಸೇರುತ್ತಾರೆ, “ಇದು ಯಾರದಪ್ಪ?” ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹೇಳಲು ಮನೆಯಲ್ಲಿ ಒಬ್ಬರಾದರೂ ಇರುವಾಗಲೇ ಈ ಕೆಲಸ ನಡೆಯುವುದು ಲೇಸು.